ಶೋಧನೆಯ ಅಧಿಕಾರ ಮತ್ತು ಮನೆಯ ಮರ್ಯಾದೆ: ಒಂದು ಐತಿಹಾಸಿಕ ಸಮೀಕ್ಷೆ

ಕಳ್ಳನನ್ನು ಹಿಡಿಯುವುದು ರಾಜ್ಯದ ಧರ್ಮ. ಕಳ್ಳನಲ್ಲದವನ ಮನೆಯ ಹೊಸ್ತಿಲನ್ನು ಗೌರವಿಸುವುದೂ ಅದೇ ರಾಜ್ಯದ ಧರ್ಮ. ಇವೆರಡೂ ಏಕಕಾಲದಲ್ಲಿ ನಡೆಯಬೇಕಾಗಿರುವುದರಿಂದಲೇ ತೊಡಕು ಹುಟ್ಟುತ್ತದೆ. ಏಕೆಂದರೆ ಕಳ್ಳನಾರು, ಅಲ್ಲದವನಾರು ಎಂಬುದು ಶೋಧನೆಗೆ ಮುಂಚೆ ಪೊಲೀಸರಿಗೂ ಖಚಿತವಾಗಿ ತಿಳಿದಿರುವುದಿಲ್ಲ. ಹೀಗಾಗಿ ಸಂಶಯವೆಂಬುದು ಅವರ ವೃತ್ತಿಯ ಅನಿವಾರ್ಯ ಉಪಕರಣವಾಗಿದೆ. ಆ ಸಂಶಯಕ್ಕೆ ಆಧಾರವೇನು? ಅದರ ಮೇರೆ ಯಾವುದು? ಅದು ಸರಿಯೋ ತಪ್ಪೋ ಎಂದು ತೂಗಿ ನೋಡುವವರು ಯಾರು? ಈ ಮೂರು ಪ್ರಶ್ನೆಗಳ ಸುತ್ತಲೂ ಕಳೆದ ಎರಡೂವರೆ ಶತಮಾನಗಳ ಕಾನೂನಿನ ಇತಿಹಾಸ ಹೆಣೆದುಕೊಂಡಿದೆ.

ಈ ವಿಷಯ ನ್ಯಾಯವಾದಿಗಳಿಗೆ ಮಾತ್ರ ಸಂಬಂಧಿಸಿದ್ದೆಂದು ವಾಚಕರು ಭಾವಿಸಬಾರದು. ನಮ್ಮಲ್ಲಿ ಅನೇಕರು ವ್ಯಾಪಾರಸ್ಥರು. ಅಂಗಡಿಯ ಕೀರ್ದಿ ಖತಾವಣಿಗಳನ್ನು ಅಧಿಕಾರಿಗಳು ಹೊರಗೆಳೆದು ಗಂಟು ಕಟ್ಟಿಕೊಂಡು ಹೋಗುವುದೆಂದರೆ ಏನೆಂಬುದನ್ನು ಕೆಲವರು ಅನುಭವದಿಂದಲೂ, ಹಲವರು ಭಯದಿಂದಲೂ ಬಲ್ಲರು. ಆದರೆ ಶೋಧನೆಯ ಇತಿಹಾಸಕ್ಕೆ ಇನ್ನೊಂದು ಮುಖವಿದೆ. ಲೆಕ್ಕದ ಪುಸ್ತಕವನ್ನೇ ಕಾಣದ, ಬೀಗ ಹಾಕಲು ಬಾಗಿಲೂ ಇಲ್ಲದ ಜನರು ತಮ್ಮ ಹುಟ್ಟಿನ ಕಾರಣದಿಂದಲೇ ತಲೆಮಾರುಗಟ್ಟಲೆ ಶೋಧನೆಗೆ ಒಳಗಾದ ಕಥೆಯದು. ಈ ಎರಡು ಮುಖಗಳನ್ನು ಒಟ್ಟಿಗೆ ಇಟ್ಟು ನೋಡಿದಲ್ಲದೆ ಖಾಸಗಿತನದ ಹಕ್ಕಿನ ನಿಜವಾದ ಬೆಲೆ ತಿಳಿಯುವುದಿಲ್ಲ. ಆ ಪ್ರಯತ್ನವನ್ನು ಇಲ್ಲಿ ಸಂಕ್ಷೇಪವಾಗಿ ಮಾಡಲಾಗಿದೆ.

ಲಂಡನ್ನಿನ ಕಾಗದಗಳು, ಬಾಸ್ಟನ್ನಿನ ಉಗ್ರಾಣಗಳು

ಇಂಗ್ಲೆಂಡಿನಲ್ಲಿ 1604ರಷ್ಟು ಹಿಂದೆಯೇ ಸೆಮೇನ್ ಎಂಬವನ ಮೊಕದ್ದಮೆಯಲ್ಲಿ, ಪ್ರತಿಯೊಬ್ಬನಿಗೂ ಅವನ ಮನೆಯೇ ಕೋಟೆ ಎಂಬ ತತ್ತ್ವ ಸ್ಥಾಪಿತವಾಯಿತು. ಆದರೆ ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತ್ತು: ಅರಸನ ಪರವಾಗಿ ಆಜ್ಞಾಪತ್ರ ಹೊತ್ತು ಬಂದ ಅಧಿಕಾರಿ, ಬಂದ ಕಾರಣವನ್ನು ತಿಳಿಸಿ ಬಾಗಿಲು ತೆರೆಯಲು ಕೇಳಿಕೊಂಡ ಬಳಿಕ, ತೆರೆಯದಿದ್ದರೆ ಒಡೆದು ಒಳಹೋಗಬಹುದು. ಅಂದರೆ ಕೋಟೆಗೂ ಬಾಗಿಲಿದೆ. ಆದರೆ ಆ ಬಾಗಿಲಿಗೆ ಒಂದು ಕ್ರಮವಿದೆ. ಸಮತೋಲದ ಬೀಜ ಅಲ್ಲಿಯೇ ಬಿತ್ತಲ್ಪಟ್ಟಿತು.

ಈ ಕ್ರಮವನ್ನು ಮೀರಿದ ಪ್ರಸಂಗವೊಂದು 1762ರ ನವೆಂಬರಿನಲ್ಲಿ ನಡೆಯಿತು. ಜಾನ್ ಎಂಟಿಕ್ ಎಂಬ ಲೇಖಕ ಸರ್ಕಾರವನ್ನು ಟೀಕಿಸುವ ಪತ್ರಿಕೆಯೊಂದಕ್ಕೆ ಬರೆಯುತ್ತಾನೆಂಬ ಸಂಶಯದ ಮೇಲೆ, ಮಂತ್ರಿ ಲಾರ್ಡ್ ಹ್ಯಾಲಿಫ್ಯಾಕ್ಸ್ ಸಹಿ ಮಾಡಿದ ಆಜ್ಞೆಯನ್ನು ಹಿಡಿದು ನೇಥನ್ ಕ್ಯಾರಿಂಗ್ಟನ್ ಮತ್ತು ಅವನ ಮೂವರು ಸಂಗಡಿಗರು ಅವನ ಮನೆಗೆ ನುಗ್ಗಿದರು. ನಾಲ್ಕು ತಾಸುಗಳ ಕಾಲ ಪೆಟ್ಟಿಗೆಗಳ ಬೀಗ ಮುರಿದು ಕಾಗದಪತ್ರಗಳನ್ನೆಲ್ಲ ಓದಿ, ನೂರಾರು ಹಾಳೆಗಳನ್ನು ಹೊತ್ತೊಯ್ದರು. ಎಂಟಿಕ್ ನ್ಯಾಯಾಲಯಕ್ಕೆ ಹೋದನು. 1765ರಲ್ಲಿ ನ್ಯಾಯಾಧೀಶ ಲಾರ್ಡ್ ಕ್ಯಾಮ್‌ಡನ್ ಕೊಟ್ಟ ತೀರ್ಪಿನ ಸಾರ ಇಷ್ಟೇ: ಹೀಗೆ ಮಾಡಲು ಅನುಮತಿ ಕೊಡುವ ಕಾನೂನು ಯಾವ ಪುಸ್ತಕದಲ್ಲಿಯೂ ಇಲ್ಲ, ರಾಜ್ಯಕ್ಕೆ ಅವಶ್ಯವಾಗಿತ್ತು ಎಂಬ ಮಾತು ಕಾನೂನಿನ ಸ್ಥಾನವನ್ನು ತುಂಬಲಾರದು. ಎಂಟಿಕನಿಗೆ 300 ಪೌಂಡುಗಳ ಪರಿಹಾರ ದೊರೆಯಿತು.

ಇದಕ್ಕೆ ತುಸು ಮುಂಚೆ, 1761ರಲ್ಲಿ, ಅಮೆರಿಕದ ಬಾಸ್ಟನ್ ನಗರದ ವರ್ತಕರು ಇನ್ನೊಂದು ಬಗೆಯ ಆಜ್ಞಾಪತ್ರದ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದ್ದರು. ಸುಂಕ ತಪ್ಪಿಸಿದ ಸರಕನ್ನು ಹುಡುಕಲು ಬ್ರಿಟಿಷ್ ಸುಂಕಾಧಿಕಾರಿಗಳಿಗೆ ಕೊಡಲಾಗುತ್ತಿದ್ದ ಆ ಪತ್ರಗಳಲ್ಲಿ ಯಾರ ಉಗ್ರಾಣ, ಯಾವ ಸರಕು ಎಂಬ ವಿವರವೇ ಇರುತ್ತಿರಲಿಲ್ಲ. ಯಾವ ಉಗ್ರಾಣವನ್ನಾದರೂ, ಯಾವ ಮನೆಯನ್ನಾದರೂ ಶೋಧಿಸಬಹುದಾಗಿತ್ತು. ವರ್ತಕರ ಪರವಾಗಿ ಜೇಮ್ಸ್ ಓಟಿಸ್ ಎಂಬ ವಕೀಲನು ವಾದಿಸಿ ಸೋತನು. ಆದರೆ ಸೋತ ವಾದವೇ ಮುಂದೆ ಗೆದ್ದಿತು. 1791ರಲ್ಲಿ ಅಮೆರಿಕದ ಸಂವಿಧಾನಕ್ಕೆ ಸೇರಿದ ನಾಲ್ಕನೆಯ ತಿದ್ದುಪಡಿಯು, ತಕ್ಕ ಕಾರಣವಿಲ್ಲದೆ ವಾರಂಟು ಹೊರಡಿಸಬಾರದು, ಶೋಧಿಸುವ ಸ್ಥಳವನ್ನೂ ವಶಪಡಿಸಿಕೊಳ್ಳುವ ವಸ್ತುವನ್ನೂ ಅದರಲ್ಲಿ ಸ್ಪಷ್ಟವಾಗಿ ನಮೂದಿಸಬೇಕು ಎಂದು ವಿಧಿಸಿತು. ನಮ್ಮ ಮೂರು ಪ್ರಶ್ನೆಗಳಿಗೆ ಇಲ್ಲಿ ಉತ್ತರ ಸಿಕ್ಕಂತಾಯಿತು. ಆಧಾರ: ತಕ್ಕ ಕಾರಣ. ಮೇರೆ: ನಮೂದಿಸಿದ ಸ್ಥಳ. ತೂಗುವವರು: ನ್ಯಾಯಾಧೀಶರು.

ಹುಟ್ಟೇ ಆಧಾರವಾದ ಕಾಯಿದೆ

ತಮ್ಮ ದೇಶದಲ್ಲಿ ಹೊಸ್ತಿಲಿಗೆ ಇಷ್ಟು ಮರ್ಯಾದೆ ಕೊಟ್ಟ ಜನರೇ ಭಾರತದಲ್ಲಿ ಮೂರೂ ಪ್ರಶ್ನೆಗಳಿಗೆ ವಿಪರೀತವಾದ ಉತ್ತರ ಕೊಟ್ಟರು. 1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್, ಅಂದರೆ ಅಪರಾಧಿ ಬುಡಕಟ್ಟುಗಳ ಕಾಯಿದೆ, ಮೊದಲು ಉತ್ತರ ಭಾರತದ ಪ್ರಾಂತಗಳಲ್ಲಿ ಜಾರಿಗೆ ಬಂದಿತು. 1911ರ ಕಾಯಿದೆಯ ಮೂಲಕ ಮದ್ರಾಸ್ ಪ್ರಾಂತವೂ ಸೇರಿ ದೇಶದ ಇತರ ಭಾಗಗಳಿಗೆ ಹಬ್ಬಿತು. 1924ರಲ್ಲಿ ಮತ್ತೆ ಕ್ರೋಡೀಕರಣಗೊಂಡಿತು.

ಇದರ ಕಾರ್ಯವಿಧಾನ ಸರಳವಾಗಿತ್ತು, ಕ್ರೂರವೂ ಆಗಿತ್ತು. ಒಂದು ಪಂಗಡವು ಅಪರಾಧಗಳಿಗೆ ಒಗ್ಗಿಕೊಂಡಿದೆ ಎಂದು ಸರ್ಕಾರ ಭಾವಿಸಿದರೆ ಅಧಿಸೂಚನೆ ಹೊರಡಿಸುವುದು. ಆ ಪಂಗಡದಲ್ಲಿ ಹುಟ್ಟಿದವರ ಹೆಸರುಗಳು ರಿಜಿಸ್ಟರಿನಲ್ಲಿ ದಾಖಲಾಗುವುವು. ಅವರು ಗೊತ್ತುಪಡಿಸಿದ ಹೊತ್ತಿಗೆ ಹಾಜರಿ ಕೊಡಬೇಕು; ಪಾಸ್ ಇಲ್ಲದೆ ಊರು ಬಿಡಕೂಡದು; ಬಿಟ್ಟರೆ ಅದೇ ಒಂದು ಅಪರಾಧ. 1911ರ ನಂತರ ಬೆರಳಚ್ಚು ತೆಗೆದುಕೊಳ್ಳುವ ಪದ್ಧತಿಯೂ ಸೇರಿತು. ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಇಡುವ ಅವಕಾಶವನ್ನೂ ಕಾನೂನು ಕಲ್ಪಿಸಿತು. ಎಲ್ಲಕ್ಕಿಂತ ಗಂಭೀರವಾದ ಅಂಶವೆಂದರೆ, ಸರ್ಕಾರದ ಅಧಿಸೂಚನೆಯನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಸಂಶಯಕ್ಕೆ ಆಧಾರ ಹುಟ್ಟು; ಅದಕ್ಕೆ ಮೇರೆ ಇಲ್ಲ; ತೂಗುವವರು ಯಾರೂ ಇಲ್ಲ.

ಯಾರು ಈ ಜನರು? ದಕ್ಷಿಣದಲ್ಲಿ ಅವರಲ್ಲಿ ಹಲವರು ಒಂದು ಕಾಲದ ಸಂಚಾರಿ ವ್ಯಾಪಾರಿಗಳೇ ಆಗಿದ್ದರೆಂಬುದು ವ್ಯಾಪಾರಸ್ಥರಾದ ನಾವು ವಿಶೇಷವಾಗಿ ಗಮನಿಸಬೇಕಾದ ಸಂಗತಿ. ಕೊರವರು ಕರಾವಳಿಯ ಉಪ್ಪನ್ನು ಎತ್ತು ಕತ್ತೆಗಳ ಮೇಲೆ ಹೇರಿ ಒಳನಾಡಿಗೆ ತಂದು, ಧಾನ್ಯವನ್ನು ಮರಳಿ ಒಯ್ಯುತ್ತಿದ್ದರು. ಲಂಬಾಣಿಗಳ ಹೇರೆತ್ತುಗಳ ಸಾಲು ಊರೂರಿಗೆ ಸರಕು ಮುಟ್ಟಿಸುತ್ತಿತ್ತು. ದೊಡ್ಡ ದೊಡ್ಡ ಸೈನ್ಯಗಳಿಗೂ ದವಸ ಒದಗಿಸುತ್ತಿತ್ತು. ಬ್ರಿಟಿಷರ ಉಪ್ಪಿನ ಏಕಸ್ವಾಮ್ಯ, ಹೊಸ ರಸ್ತೆಗಳು ಮತ್ತು ರೈಲುಗಳು ಬಂದ ಮೇಲೆ ಈ ವ್ಯಾಪಾರ ಕುಸಿಯಿತು. ನೆಲೆಯಿಲ್ಲದೆ ತಿರುಗುವವನನ್ನು ತೆರಿಗೆಗೂ ಲೆಕ್ಕಕ್ಕೂ ಸಿಗದವನೆಂದು ಆಡಳಿತ ಅನುಮಾನಿಸತೊಡಗಿತು. ಜೀವನೋಪಾಯ ಕಳೆದುಕೊಂಡವನ ಅಲೆದಾಟವೇ ಅವನ ವಿರುದ್ಧ ಸಾಕ್ಷ್ಯವಾಯಿತು. ನಿನ್ನೆಯ ವ್ಯಾಪಾರಿ ಇಂದಿನ 'ಹುಟ್ಟು ಕಳ್ಳ'ನಾದುದು ಹೀಗೆ.

ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಇದರ ಗುರುತುಗಳು ಇನ್ನೂ ಅಳಿದಿಲ್ಲ. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿಯೂ, ನೆರೆಯ ಸೊಲ್ಲಾಪುರದಲ್ಲಿಯೂ ಇಂಥ ಜನರನ್ನು ಕೂಡಿಹಾಕುವ ಸೆಟ್ಲಮೆಂಟುಗಳು ಸ್ಥಾಪನೆಯಾದವು. ಸೊಲ್ಲಾಪುರದ ಬಟ್ಟೆ ಗಿರಣಿಗಳಿಗೆ ಅಲ್ಲಿಂದ ಕೆಲಸಗಾರರು ದೊರೆತರು. ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಎಂಬ ಹೆಸರು ಬಡಾವಣೆಯ ಹೆಸರಾಗಿ ಇಂದಿಗೂ ಜನರ ಬಾಯಲ್ಲಿದೆ. ಆ ಹೆಸರನ್ನು ನಿತ್ಯ ಉಚ್ಚರಿಸುವ ನಮ್ಮಲ್ಲಿ ಎಷ್ಟು ಮಂದಿ ಅದರ ಹಿಂದಿನ ತಂತಿಬೇಲಿಯನ್ನು ನೆನೆಯುತ್ತೇವೆ?

ಸ್ವಾತಂತ್ರ್ಯಾನಂತರ ಅನಂತಶಯನಂ ಅಯ್ಯಂಗಾರ್ ಅವರ ಅಧ್ಯಕ್ಷತೆಯ ಸಮಿತಿಯು ಈ ಕಾಯಿದೆಯನ್ನು ಪರಿಶೀಲಿಸಿತು. 1952ರ ಆಗಸ್ಟ್ 31ರಂದು ಅದು ರದ್ದಾಯಿತು. ಅಂದಿನಿಂದ ಆ ಪಂಗಡಗಳಿಗೆ ವಿಮುಕ್ತ ಬುಡಕಟ್ಟುಗಳೆಂಬ ಹೆಸರು ಬಂದಿತು. ಆದರೆ ಕಾಯಿದೆ ಹೋದರೂ ಸಂಶಯ ಹೋಗಲಿಲ್ಲ. ಹಲವು ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯಿದೆಗಳನ್ನು ತಂದವು. ನಮ್ಮ ರಾಜ್ಯದ ಕಾಯಿದೆ 1961ರದು. ಇವು ಪಂಗಡವನ್ನಲ್ಲ, ವ್ಯಕ್ತಿಯ ಹಿಂದಿನ ಶಿಕ್ಷೆಗಳನ್ನು ಆಧಾರವಾಗಿಟ್ಟುಕೊಂಡವು ಎಂಬುದು ನಿಜವಾದ ಸುಧಾರಣೆ. ಆದರೆ ಠಾಣೆಯ ದಫ್ತರದಲ್ಲಿ ಹಳೆಯ ರಿಜಿಸ್ಟರಿನ ನೆನಪು ಅಷ್ಟು ಬೇಗ ಅಳಿಯುವಂಥದ್ದಲ್ಲ. 1998ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯಲ್ಲಿ ಬುಧನ್ ಶಬರ್ ಎಂಬ ವಿಮುಕ್ತ ಬುಡಕಟ್ಟಿನ ಯುವಕ ಬಂಧನದಲ್ಲಿ ಸತ್ತಾಗ, ಲೇಖಕಿ ಮಹಾಶ್ವೇತಾ ದೇವಿ ಮತ್ತು ಅವರ ಸಂಗಡಿಗರು ಕಲ್ಕತ್ತಾ ಹೈಕೋರ್ಟಿಗೆ ಹೋಗಬೇಕಾಯಿತು. ಅವನ ಪತ್ನಿಗೆ ಪರಿಹಾರ ಕೊಡುವಂತೆ ಹೈಕೋರ್ಟು ಆಜ್ಞಾಪಿಸಿತು.

ಮೂವತ್ತನಾಲ್ಕು ಸ್ಥಳಗಳ ಶೋಧನೆ

ಇನ್ನು ವ್ಯಾಪಾರಸ್ಥರ ಕಡೆಗೆ ಬರೋಣ. 1946ರಲ್ಲಿ ಸ್ಥಾಪಿತವಾಗಿ 1952ರಲ್ಲಿ ಮುಚ್ಚಿದ ದಾಲ್ಮಿಯಾ ಜೈನ್ ಏರ್‌ವೇಸ್ ಎಂಬ ಕಂಪನಿಯ ಲೆಕ್ಕಪತ್ರಗಳ ಬಗ್ಗೆ ದೂರುಗಳು ಬಂದವು. 1953ರ ನವೆಂಬರಿನಲ್ಲಿ ದೆಹಲಿಯ ಮ್ಯಾಜಿಸ್ಟ್ರೇಟರು ಹೊರಡಿಸಿದ ವಾರಂಟುಗಳ ಮೇಲೆ ಏಕಕಾಲಕ್ಕೆ 34 ಸ್ಥಳಗಳಲ್ಲಿ ಶೋಧನೆ ನಡೆದು ರಾಶಿ ರಾಶಿ ದಾಖಲೆಗಳು ವಶವಾದವು. ಇದನ್ನು ಪ್ರಶ್ನಿಸಿ ಸಲ್ಲಿಸಿದ ಅರ್ಜಿಯೇ ಎಂ. ಪಿ. ಶರ್ಮಾ ವಿರುದ್ಧ ಸತೀಶ್ ಚಂದ್ರ ಎಂದು ಪ್ರಸಿದ್ಧವಾದ ಮೊಕದ್ದಮೆ. 1954ರ ಮಾರ್ಚ್ 15ರಂದು ಎಂಟು ನ್ಯಾಯಮೂರ್ತಿಗಳ ಪೀಠದ ಪರವಾಗಿ ನ್ಯಾಯಮೂರ್ತಿ ಜಗನ್ನಾಥದಾಸ್ ತೀರ್ಪಿತ್ತರು. ಶೋಧನೆಯ ಅಧಿಕಾರ ಸಮಾಜದ ಭದ್ರತೆಗೆ ಅವಶ್ಯವಾದುದು. ಅದನ್ನು ಕಾನೂನು ನಿಯಂತ್ರಿಸುತ್ತದೆ. ಅಮೆರಿಕದ ನಾಲ್ಕನೆಯ ತಿದ್ದುಪಡಿಗೆ ಸಮಾನವಾದ ವಿಧಿಯನ್ನು ನಮ್ಮ ಸಂವಿಧಾನ ರಚಿಸಿದವರು ಸೇರಿಸದಿರುವಾಗ ಅದನ್ನು ಬಲವಂತವಾಗಿ ಓದಿಕೊಳ್ಳಲಾಗದು ಎಂಬುದು ಅದರ ತಿರುಳು.

ಈ ತೀರ್ಪನ್ನು ವ್ಯಾಪಾರಸ್ಥರ ಸೋಲು ಎಂದಷ್ಟೇ ಓದುವುದು ಸಂಕುಚಿತ ದೃಷ್ಟಿ. ಷೇರುದಾರರ ಹಣಕ್ಕೆ ಲೆಕ್ಕ ಕೇಳುವ ಅಧಿಕಾರ ಸರ್ಕಾರಕ್ಕೆ ಇಲ್ಲದಿದ್ದರೆ ಪ್ರಾಮಾಣಿಕ ವ್ಯಾಪಾರಕ್ಕೇ ಹಾನಿ. ಮ್ಯಾಜಿಸ್ಟ್ರೇಟರ ವಾರಂಟೂ ಅಲ್ಲಿತ್ತು. ಆದರೆ ಖಾಸಗಿತನವೆಂಬ ಹಕ್ಕೇ ಸಂವಿಧಾನದಲ್ಲಿ ಇಲ್ಲವೆಂಬ ಅರ್ಥ ಆ ತೀರ್ಪಿನಿಂದ ಹೊರಟಿತು. ಅದರ ಭಾರ ಬಿದ್ದುದು ಮಾತ್ರ ಕಂಪನಿಗಳ ಮೇಲಲ್ಲ. ದೊಡ್ಡ ವಕೀಲರನ್ನು ನೇಮಿಸಿಕೊಳ್ಳಬಲ್ಲವರು ಸೋತ ವಾದದ ಪರಿಣಾಮವನ್ನು ಮುಂದೆ ಅನುಭವಿಸಿದವರು ವಕೀಲರನ್ನೇ ಕಾಣದವರು. 1973ರ ಡಿಸೆಂಬರಿನಲ್ಲಿ ಪೂರಣ್ ಮಲ್ ಮೊಕದ್ದಮೆಯಲ್ಲಿ ಆದಾಯ ತೆರಿಗೆ ಶೋಧನೆಯ ಅಧಿಕಾರವನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟು, ಶೋಧನೆ ಕ್ರಮ ತಪ್ಪಿ ನಡೆದಿದ್ದರೂ ಅದರಲ್ಲಿ ಸಿಕ್ಕ ಸಾಕ್ಷ್ಯವನ್ನು ಬಳಸಬಹುದೆಂದಿತು. ಆ ನಿಯಮ ಗಾಂಧಿ ಟೋಪಿಯ ಸೇಠರಿಗೂ, ಸಂತೆಯಲ್ಲಿ ಬುಟ್ಟಿ ಮಾರುವವನಿಗೂ ಒಂದೇ ರೀತಿ ಅನ್ವಯಿಸುತ್ತದೆ. ಆದರೆ ತಗಲುವ ಪೆಟ್ಟು ಒಂದೇ ರೀತಿಯದಲ್ಲ.

ನಡುರಾತ್ರಿಯ ಬಾಗಿಲು

1941ರಲ್ಲಿ ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವನನ್ನು ದರೋಡೆಯ ಆರೋಪದ ಮೇಲೆ ಹಿಡಿದು, ಸಾಕ್ಷ್ಯವಿಲ್ಲವೆಂದು ಬಿಡಲಾಯಿತು. ಬಿಡುಗಡೆಯಾದರೂ ಅವನ ಹೆಸರಿನಲ್ಲಿ ಪೊಲೀಸರು ಹಿಸ್ಟರಿ ಶೀಟ್ ತೆರೆದರು. ಅಲ್ಲಿನ ಪೊಲೀಸ್ ನಿಯಮಾವಳಿಯ 236ನೆಯ ನಿಯಮದಂತೆ ಅವನ ಮನೆಯ ಬಳಿ ಗುಪ್ತ ಕಾವಲು, ರಾತ್ರಿ ಮನೆಗೆ ಭೇಟಿ, ನಡತೆಯ ವಿಚಾರಣೆ, ಹೋದ ಬಂದ ವಿವರಗಳ ವರದಿ ಇವೆಲ್ಲ ಆರಂಭವಾದವು. ಚೌಕೀದಾರರೂ ಕಾನ್‌ಸ್ಟೇಬಲರೂ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಬಾಗಿಲು ಬಡಿದು, ಅವನನ್ನು ಎಬ್ಬಿಸಿ ನೋಡಿ ಹೋಗುತ್ತಿದ್ದರೆಂಬುದು ಅವನ ದೂರು.

1962ರ ಡಿಸೆಂಬರ್ 18ರಂದು ಆರು ನ್ಯಾಯಮೂರ್ತಿಗಳ ಪೀಠವು ರಾತ್ರಿಯ ಭೇಟಿಯನ್ನು ರದ್ದುಪಡಿಸಿತು. ಉಳಿದ ಕಣ್ಗಾವಲನ್ನು ಬಹುಮತದ ತೀರ್ಪು ಮಾನ್ಯ ಮಾಡಿತು. ಖಾಸಗಿತನ ನಮ್ಮ ಸಂವಿಧಾನದಲ್ಲಿ ಖಾತರಿಯಾದ ಹಕ್ಕಲ್ಲವೆಂದೂ ಹೇಳಿತು. ನ್ಯಾಯಮೂರ್ತಿ ಸುಬ್ಬರಾವ್ ಅವರು, ನ್ಯಾಯಮೂರ್ತಿ ಷಾ ಅವರೊಡಗೂಡಿ, ಭಿನ್ನ ಅಭಿಪ್ರಾಯ ಬರೆದರು. ಸದಾ ಕಣ್ಣಿಟ್ಟು ಕಾಯಲ್ಪಡುವ ಮನುಷ್ಯ ರಸ್ತೆಯಲ್ಲಿ ಓಡಾಡುತ್ತಿದ್ದರೂ ಸ್ವತಂತ್ರನಲ್ಲ. ಸ್ವಾತಂತ್ರ್ಯವೆಂದರೆ ಕಾಲಿಗೆ ಸಂಕೋಲೆ ಇಲ್ಲದಿರುವುದು ಮಾತ್ರವಲ್ಲ, ಮನಸ್ಸಿಗೂ ಸಂಕೋಲೆ ಇಲ್ಲದಿರುವುದು ಎಂಬುದು ಅವರ ವಾದದ ಆಶಯ. ಅಂದು ಅದು ಅಲ್ಪಮತ. ಆದರೆ ಬಾಸ್ಟನ್ನಿನ ಓಟಿಸನ ವಾದದಂತೆ ಇದಕ್ಕೂ ಕಾಲ ಕೂಡಿಬರಬೇಕಾಗಿತ್ತು.

1975ರ ಗೋವಿಂದ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಮ್ಯಾಥ್ಯೂ ಅವರು ಒಂದು ಹೆಜ್ಜೆ ಮುಂದಿಟ್ಟರು. ಮಧ್ಯಪ್ರದೇಶದ ಇಂಥದೇ ನಿಯಮಗಳನ್ನು ಅವರು ರದ್ದುಮಾಡಲಿಲ್ಲ. ಆದರೆ ಅವು ಸಂವಿಧಾನದ ಗಡಿಯಂಚಿನಲ್ಲಿವೆಯೆಂದು ಎಚ್ಚರಿಸಿ, ಅಪರಾಧದ ಬದುಕಿಗೇ ನಿಂತವರೆಂದು ತೋರಿಬಂದವರಿಗೆ ಮಾತ್ರ ಅನ್ವಯಿಸಬೇಕೆಂದರು. ಖಾಸಗಿತನದ ಹಕ್ಕು ಇದೆಯೆಂದಿಟ್ಟುಕೊಂಡರೂ ಅದು ನಿರಪೇಕ್ಷವಲ್ಲ, ಬಲವಾದ ಸಾರ್ವಜನಿಕ ಹಿತಕ್ಕೆ ಮಣಿಯುವಂಥದು ಎಂಬ ತಕ್ಕಡಿಯ ಭಾಷೆ ನಮ್ಮ ನ್ಯಾಯಶಾಸ್ತ್ರಕ್ಕೆ ಹೀಗೆ ಬಂದಿತು.

ತಂತಿಯ ಮೇಲಿನ ಕಿವಿ

ಹೊಸ್ತಿಲು ದಾಟದೆಯೇ ಮನೆಯೊಳಗಿನ ಮಾತು ಕೇಳುವ ಉಪಾಯ ಬಂದಾಗ ಪ್ರಶ್ನೆ ಇನ್ನಷ್ಟು ಜಟಿಲವಾಯಿತು. ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟುದು ಕನ್ನಡಿಗರಿಗೆ ತಿಳಿದ ಸಂಗತಿ. 1996ರ ಡಿಸೆಂಬರ್ 18ರಂದು ಪಿ.ಯು.ಸಿ.ಎಲ್. ಸಂಸ್ಥೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಕ್ರಮವೊಂದನ್ನು ವಿಧಿಸಿತು. ಕದ್ದಾಲಿಕೆಯ ಆಜ್ಞೆಯನ್ನು ಗೃಹ ಕಾರ್ಯದರ್ಶಿಯೇ ಕೊಡಬೇಕು. ಅದರ ಅವಧಿ ಎರಡು ತಿಂಗಳು, ವಿಸ್ತರಿಸಿದರೂ ಒಟ್ಟು ಆರು ತಿಂಗಳು ಮೀರಕೂಡದು. ಪರಿಶೀಲನಾ ಸಮಿತಿಯೊಂದು ಅದನ್ನು ನೋಡಬೇಕು. ಆಧಾರಕ್ಕೂ ಮೇರೆಗೂ ಇಲ್ಲಿ ಉತ್ತರ ದೊರೆಯಿತು. ಆದರೆ ತೂಗುವವರು ನ್ಯಾಯಾಧೀಶರಲ್ಲ, ಅಧಿಕಾರಿಗಳೇ. 2023ರ ದೂರಸಂಪರ್ಕ ಕಾಯಿದೆಯಡಿ 2024ರ ಡಿಸೆಂಬರಿನಲ್ಲಿ ಬಂದ ಹೊಸ ನಿಯಮಗಳಲ್ಲಿಯೂ ಈ ಕೊರತೆ ಹಾಗೆಯೇ ಉಳಿದಿದೆ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿದಾಗ, ಸರ್ಕಾರದ ಪರವಾಗಿ 1954 ಮತ್ತು 1962ರ ತೀರ್ಪುಗಳನ್ನೇ ಮುಂದಿಡಲಾಯಿತು. ಆದ್ದರಿಂದ ಒಂಬತ್ತು ನ್ಯಾಯಮೂರ್ತಿಗಳ ಪೀಠವೇ ಕುಳಿತುಕೊಳ್ಳಬೇಕಾಯಿತು. 2017ರ ಆಗಸ್ಟ್ 24ರಂದು ಆ ಪೀಠ ಒಮ್ಮತದಿಂದ, ಖಾಸಗಿತನವು ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನಲ್ಲಿಯೇ ಅಡಗಿರುವ ಮೂಲಭೂತ ಹಕ್ಕೆಂದು ಸಾರಿತು. ಎಂ. ಪಿ. ಶರ್ಮಾ ಮತ್ತು ಖರಕ್ ಸಿಂಗ್ ತೀರ್ಪುಗಳಲ್ಲಿದ್ದ ವಿರುದ್ಧ ಮಾತು ಅಷ್ಟರಮಟ್ಟಿಗೆ ರದ್ದಾಯಿತು. ಆಗ ಪುಟ್ಟಸ್ವಾಮಿಯವರಿಗೆ 91 ವರ್ಷ; 2024ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು.

ಈ ತೀರ್ಪು ಪೊಲೀಸರ ಕೈ ಕಟ್ಟಲಿಲ್ಲ ಎಂಬುದನ್ನೂ ಗಮನಿಸಬೇಕು. ಹಕ್ಕಿನ ಮೇಲೆ ನಿರ್ಬಂಧ ಹೇರಬಹುದು. ಆದರೆ ಅದಕ್ಕೆ ಕಾನೂನಿನ ಆಧಾರವಿರಬೇಕು, ಉದ್ದೇಶ ನ್ಯಾಯಸಮ್ಮತವಾಗಿರಬೇಕು, ನಿರ್ಬಂಧವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಈ ಅಳತೆಯನ್ನೇ ಬಳಸಿ 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಆಧಾರ್ ಯೋಜನೆಯನ್ನು ಬಹುಮತದಿಂದ ಎತ್ತಿಹಿಡಿಯಿತು. ಖಾಸಗಿ ಕಂಪನಿಗಳು ಅದನ್ನು ಕೇಳುವ ಅವಕಾಶವನ್ನು ತೆಗೆದುಹಾಕಿತು. ಹಕ್ಕು ಇದೆ ಎಂದ ಮಾತ್ರಕ್ಕೆ ಪ್ರತಿ ಮೊಕದ್ದಮೆಯಲ್ಲಿಯೂ ಅದೇ ಗೆಲ್ಲುವುದೆಂದಲ್ಲ. ತಕ್ಕಡಿಯಲ್ಲಿ ಇನ್ನು ಮುಂದೆ ಅದನ್ನೂ ಇಟ್ಟು ತೂಗಲೇಬೇಕು, ಅಷ್ಟೇ.

ನ್ಯೂಯಾರ್ಕಿನ ಲೆಕ್ಕ

ಹುಟ್ಟನ್ನೂ ಬಣ್ಣವನ್ನೂ ನೋಡಿ ಸಂಶಯಪಡುವುದು ಅನ್ಯಾಯವಾದರೂ ಪೊಲೀಸ್ ಕೆಲಸಕ್ಕೆ ಉಪಯುಕ್ತವಲ್ಲವೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಲೆಕ್ಕದಲ್ಲಿಯೇ ಉತ್ತರ ದೊರೆತ ಉದಾಹರಣೆಯೊಂದಿದೆ. ಅಮೆರಿಕದಲ್ಲಿ 1968ರ ಟೆರಿ ತೀರ್ಪಿನ ಪ್ರಕಾರ, ಸಕಾರಣವಾದ ಸಂಶಯವಿದ್ದರೆ ಪೊಲೀಸರು ವಾರಂಟಿಲ್ಲದೆಯೂ ದಾರಿಹೋಕನನ್ನು ತಡೆಯಬಹುದು. ಆಯುಧವಿರಬಹುದೆಂದು ತೋರಿದರೆ ಮೈ ತಡವಿ ನೋಡಬಹುದು. ನ್ಯೂಯಾರ್ಕ್ ನಗರದಲ್ಲಿ 2004ರ ಜನವರಿಯಿಂದ 2012ರ ಜೂನ್‌ವರೆಗೆ ಹೀಗೆ ತಡೆದ ಪ್ರಸಂಗಗಳು 44 ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ತಡೆಯಲ್ಪಟ್ಟವರು ಶೇಕಡಾ 52ರಲ್ಲಿ ಕಪ್ಪುವರ್ಣೀಯರು, ಶೇಕಡಾ 31ರಲ್ಲಿ ಹಿಸ್ಪಾನಿಕ್ ಜನರು. ಶೇಕಡಾ 88 ಪ್ರಸಂಗಗಳಲ್ಲಿ ಮುಂದೆ ಯಾವ ಕ್ರಮವನ್ನೂ ಕೈಗೊಳ್ಳಬೇಕಾಗಿ ಬರಲಿಲ್ಲ. ಮೈ ತಡವಿ ನೋಡಿದ ಪ್ರಸಂಗಗಳಲ್ಲಿ ಆಯುಧ ಸಿಕ್ಕಿದ್ದು ಕೇವಲ ಶೇಕಡಾ ಒಂದೂವರೆಯಲ್ಲಿ. 2013ರ ಆಗಸ್ಟಿನಲ್ಲಿ ನ್ಯಾಯಾಧೀಶೆ ಶೀರಾ ಷೈಂಡ್ಲಿನ್ ಈ ಪದ್ಧತಿ ನಡೆದ ರೀತಿ ಸಂವಿಧಾನಬಾಹಿರವೆಂದು ತೀರ್ಪಿತ್ತರು. ಆ ಬಳಿಕ ತಡೆಯುವ ಪ್ರಸಂಗಗಳು ಬಹಳಷ್ಟು ಇಳಿದವು. ಕೊಲೆಗಳ ಸಂಖ್ಯೆ ಅದರಿಂದ ಏರಲಿಲ್ಲ, ಮುಂದಿನ ಕೆಲವು ವರ್ಷ ತಗ್ಗಿನಲ್ಲಿಯೇ ಉಳಿಯಿತು.

ವ್ಯಾಪಾರದ ದೃಷ್ಟಿಯಿಂದಲೇ ಇದನ್ನು ನೋಡಿದರೂ ಸಾಕು. ನೂರು ಬಾರಿ ಜೇಬು ತಡವಿ ಒಂದೆರಡು ಬಾರಿ ಮಾತ್ರ ವಸ್ತು ಸಿಗುವ ವ್ಯವಹಾರದಲ್ಲಿ, ಉಳಿದ ತೊಂಬತ್ತೆಂಟು ಜನರ ಅಪಮಾನ ಯಾರ ಖರ್ಚಿಗೆ ಬೀಳುತ್ತದೆ? ಅದು ಪೊಲೀಸ್ ಇಲಾಖೆಯ ಜಮಾಖರ್ಚಿನಲ್ಲಿ ಕಾಣಿಸುವುದಿಲ್ಲ. ಆದರೆ ಆ ಬೀದಿಯ ಜನರು ಮುಂದೆ ಸಾಕ್ಷಿ ಹೇಳಲು ಬಾರದಿದ್ದಾಗ, ನಿಜವಾದ ಅಪರಾಧಿಯ ಸುಳಿವು ಕೊಡದಿದ್ದಾಗ ಅದು ನಷ್ಟವಾಗಿ ಹೊರಬರುತ್ತದೆ. ವ್ಯಕ್ತಿಯ ಕೃತ್ಯವನ್ನು ಬಿಟ್ಟು ಹುಟ್ಟನ್ನು ಅನುಸರಿಸುವ ಪೊಲೀಸನು ಕಳ್ಳನ ಹೆಜ್ಜೆಯನ್ನೇ ಕಳೆದುಕೊಳ್ಳುತ್ತಾನೆ.

ಇಂದಿನ ಸ್ಥಿತಿ ಮತ್ತು ನಮ್ಮ ಹೊಣೆ

ಇತ್ತೀಚಿನ ಎರಡು ತೀರ್ಪುಗಳು ಭಾರತದಲ್ಲಿ ಈ ಎರಡು ಧಾರೆಗಳನ್ನು ಒಂದುಗೂಡಿಸಿವೆ. 2024ರ ಮೇ ತಿಂಗಳಲ್ಲಿ ದೆಹಲಿಯ ಹಿಸ್ಟರಿ ಶೀಟ್ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಹಿಂದುಳಿದ ಹಾಗೂ ಪರಿಶಿಷ್ಟ ವರ್ಗಗಳ ನಿರಪರಾಧಿಗಳ ಹೆಸರುಗಳು ಯಾಂತ್ರಿಕವಾಗಿ ಇಂಥ ದಾಖಲೆಗಳಿಗೆ ಸೇರದಂತೆ ನೋಡಿಕೊಳ್ಳಬೇಕೆಂದು ಎಲ್ಲ ರಾಜ್ಯಗಳಿಗೂ ಸೂಚಿಸಿತು. ಅದೇ ವರ್ಷ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಮೊಕದ್ದಮೆಯಲ್ಲಿ, ಸೆರೆಮನೆಗಳ ಕೈಪಿಡಿಗಳಲ್ಲಿದ್ದ ಜಾತಿಯಾಧಾರಿತ ನಿಯಮಗಳನ್ನು ರದ್ದುಪಡಿಸಿ, ವಿಮುಕ್ತ ಬುಡಕಟ್ಟುಗಳ ಜನರನ್ನು ಮನಬಂದಂತೆ ಬಂಧಿಸಬಾರದೆಂದು ಪೊಲೀಸರಿಗೆ ನಿರ್ದೇಶಿಸಿತು. 1952ರಲ್ಲಿ ರದ್ದಾದ ಕಾಯಿದೆಯ ನೆರಳನ್ನು ಅಳಿಸಲು 72 ವರ್ಷಗಳ ನಂತರವೂ ಆಜ್ಞೆ ಬೇಕಾಯಿತು.

ಶೋಧನೆಯ ಕ್ರಮದಲ್ಲಿಯೂ ಸುಧಾರಣೆಯಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 103ನೆಯ ಪ್ರಕರಣದಂತೆ ಸ್ಥಳೀಯರಾದ ಇಬ್ಬರು ಗೌರವಸ್ಥ ಪಂಚರ ಎದುರಿನಲ್ಲಿ ಶೋಧನೆ ನಡೆಯಬೇಕು. ವಶಪಡಿಸಿಕೊಂಡ ವಸ್ತುಗಳ ಪಟ್ಟಿಯಾಗಬೇಕು. ಮನೆಯವರಿಗೆ ಹಾಜರಿರಲು ಅವಕಾಶವಿರಬೇಕು, ಪಟ್ಟಿಯ ಪ್ರತಿ ಕೊಡಬೇಕು. ಮಹಿಳೆಯ ಶೋಧನೆಯನ್ನು ಮಹಿಳೆಯೇ ಮರ್ಯಾದೆಯಿಂದ ನಡೆಸಬೇಕು. 105ನೆಯ ಪ್ರಕರಣವು ಶೋಧನೆಯ ಧ್ವನಿ ಮತ್ತು ದೃಶ್ಯ ಚಿತ್ರೀಕರಣವನ್ನು ಕಡ್ಡಾಯಗೊಳಿಸಿ, ಅದನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕೆನ್ನುತ್ತದೆ. ಈ ನಿಯಮಗಳನ್ನು ಪ್ರತಿಯೊಂದು ಕುಟುಂಬವೂ ತಿಳಿದಿರಬೇಕು. ಕ್ರಮವನ್ನು ಕೇಳುವುದು ಅಧಿಕಾರಿಗೆ ತೋರುವ ಅವಿಧೇಯತೆಯಲ್ಲ. ಕ್ರಮ ತಪ್ಪದ ಅಧಿಕಾರಿಗೆ ಅದರಿಂದ ರಕ್ಷಣೆಯೇ ಹೊರತು ತೊಂದರೆಯಿಲ್ಲ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಪಾಠವಿದೆ. 2013ರಲ್ಲಿ ಮೂಡುಬಿದಿರೆಯ ಬಸದಿಯಿಂದ ಜಿನಬಿಂಬಗಳು ಕಳವಾದಾಗ ಸಮಾಜವೆಲ್ಲ ತಲ್ಲಣಿಸಿತು. ಪೊಲೀಸರು ತ್ವರಿತವಾಗಿ ಶೋಧಿಸಬೇಕೆಂದು ನಾವೇ ಒತ್ತಾಯಿಸಿದೆವು. ಅದು ಸಹಜ, ನ್ಯಾಯವೂ ಹೌದು. ಆದರೆ ಇಂಥ ಸಂದರ್ಭಗಳಲ್ಲಿ ಯಾವ ಊರಿನಲ್ಲಾದರೂ ಮೊದಲ ಸಂಶಯ ಯಾರ ಮೇಲೆ ಹೋಗುತ್ತದೆ? ಕಸ ಗುಡಿಸುವವಳ ಮೇಲೆ, ಕಟ್ಟಡದ ಕೆಲಸಕ್ಕೆ ಬಂದ ಹೊರ ರಾಜ್ಯದ ಕೂಲಿಯ ಮೇಲೆ, ಊರ ಹೊರಗೆ ಗುಡಾರ ಹಾಕಿದವರ ಮೇಲೆ. ಅವರ ಹೆಸರುಗಳನ್ನು ಠಾಣೆಗೆ ಕೊಡುವವರು ಹೊರಗಿನವರಲ್ಲ, ನಾವೇ. ಬೀಗದ ಕೈ ಯಾರ ಬಳಿ ಇತ್ತು, ಆ ದಿನ ಯಾರು ಒಳಗೆ ಹೋದರು ಎಂಬ ಸಂಗತಿಗಳ ಪಟ್ಟಿಯನ್ನು ಕೊಡಬೇಕು. ಆ ಪಟ್ಟಿಯಲ್ಲಿ ಧರ್ಮದರ್ಶಿಗಳ ಹೆಸರೂ ಇರಬೇಕು. ಯಾರ ಕುಲ ಯಾವುದು ಎಂಬ ಪಟ್ಟಿ ತನಿಖೆಗೆ ಬೇಕಾದುದಲ್ಲ.

ಕ್ಯಾಮರಾಗಳ ವಿಷಯವೂ ಅಷ್ಟೇ. ಗರ್ಭಗೃಹದ ಬಾಗಿಲಿಗೆ, ಭಂಡಾರಕ್ಕೆ ಕ್ಯಾಮರಾ ಬೇಕು. ಯಾತ್ರಿಕರು ತಂಗುವ ಕೋಣೆಯ ಕಡೆಗೆ, ನೌಕರರು ವಿಶ್ರಮಿಸುವ ಕಡೆಗೆ ಅದು ಬೇಕಿಲ್ಲ. ಚಿತ್ರಿಕೆಯನ್ನು ಯಾರು ನೋಡಬಹುದು, ಎಷ್ಟು ದಿನ ಇಡಬೇಕು, ಪೊಲೀಸರು ಕೇಳಿದರೆ ಯಾವ ಪತ್ರದ ಮೇಲೆ ಕೊಡಬೇಕು ಎಂಬುದನ್ನು ಸಭೆಯ ನಡವಳಿ ಪುಸ್ತಕದಲ್ಲಿ ಬರೆದಿಡಬೇಕು. ಕ್ಯಾಮರಾ ಇದೆಯೆಂಬುದನ್ನು ಫಲಕದಲ್ಲಿ ತಿಳಿಸಬೇಕು. ಸುಪ್ರೀಂ ಕೋರ್ಟು ದೇಶಕ್ಕೆ ವಿಧಿಸಿದ ಅಳತೆಯನ್ನು ನಮ್ಮ ಪ್ರಾಕಾರದೊಳಗೆ ನಾವೇ ಪಾಲಿಸಲು ಯಾರ ಆಜ್ಞೆಯೂ ಬೇಕಿಲ್ಲ.

ಇತಿಹಾಸದ ಈ ಸಮೀಕ್ಷೆಯಿಂದ ಹೊರಡುವ ತಾತ್ಪರ್ಯವಿಷ್ಟು. ಸಂಶಯವಿಲ್ಲದ ಪೊಲೀಸ್ ವ್ಯವಸ್ಥೆ ಅಸಾಧ್ಯ. ಆದರೆ ಸಂಶಯವು ಕೃತ್ಯದ ಮೇಲಿರಬೇಕು, ಕುಲದ ಮೇಲಲ್ಲ. ಶೋಧನೆಯ ಅಧಿಕಾರ ಬೇಕು. ಆದರೆ ಅದಕ್ಕೆ ಬರೆದಿಟ್ಟ ಮೇರೆ ಇರಬೇಕು. ಶೋಧಿಸಿದವನೇ ತನ್ನ ಶೋಧನೆಯನ್ನು ತೂಗುವಂತಿರಬಾರದು. ಎಂಟಿಕನ ಕಾಗದ, ಬಾಸ್ಟನ್ ವರ್ತಕನ ಉಗ್ರಾಣ, ಖರಕ್ ಸಿಂಗನ ಬಾಗಿಲು, ಸೆಟ್ಲಮೆಂಟಿನ ಗುಡಿಸಲು ಇವೆಲ್ಲಕ್ಕೂ ಒಂದೇ ಕಾನೂನಿನ ನೆರಳು ಬೇಕು. ನಮ್ಮ ಅಂಗಡಿಯ ಬಾಗಿಲಿಗೆ ಅಧಿಕಾರಿ ಬಂದಾಗ ಮಾತ್ರ ನೆನಪಾಗುವ ಹಕ್ಕು ನಮ್ಮನ್ನು ಬಹುಕಾಲ ಕಾಯಲಾರದು. ಗುಡಿಸಲಿನವನ ಬಾಗಿಲಿನಲ್ಲಿ ಅದು ಕೆಲಸಮಾಡಿದರೆ ಮಾತ್ರ ಅಂಗಡಿಯ ಬಾಗಿಲಿನಲ್ಲಿಯೂ ಅದು ನಿಂತೀತು.